ಬಾರದ ಚೀಟಿಯವರು

ಮಸ್ಕಿ
12 ಆಗಸ್ಟ್ 2024

ಶಿವಗಂಗಕ್ಕನವರಿಗೆ,

ರೇಣುಕಾದೇವಿಯ ನಮಸ್ಕಾರ. ಟ್ಯಾಬ್‌ನಲ್ಲಿ ಅಂಕಿ ತುಂಬಿ ಕಳಿಸಿದರೆ ಸಾಲದು, ತಿಂಗಳಿಗೊಂದು ಪತ್ರವನ್ನೂ ಬರೆ ಎಂದಿರಿ. ವಾಟ್ಸ್ಯಾಪಿಗೆ ಹಾಕಿದರೆ ತಂಡದವರೆಲ್ಲ ಹೆಬ್ಬೆರಳು ತೋರಿಸಿ ಮರೆತುಬಿಡುತ್ತಾರೆ, ಅದಕ್ಕೇ ಈ ಇಮೇಲ್. ಎಂ.ಎ. ಅರ್ಥಶಾಸ್ತ್ರದ ಪರೀಕ್ಷೆ ಬಿಟ್ಟರೆ ನಾನು ಇಷ್ಟುದ್ದ ಎಲ್ಲೂ ಬರೆದವಳಲ್ಲ. ತಪ್ಪಿದ್ದರೆ ಲಿಂಗಸುಗೂರಿನ ಸಾವುಕಾರರ ಮಗಳಾದ ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು.

ಪಾಮನಕಲ್ಲೂರಿನಲ್ಲಿ ನಿನ್ನೆ ನಮ್ಮ ಸಂಸ್ಥೆಯ ಪ್ರಯೋಗಕ್ಕೆ ಆಯ್ಕೆ ಮುಗಿಯಿತು. ಊರಿನ ಬಸುರಿಯರಲ್ಲಿ ಅರ್ಧ ಜನಕ್ಕೆ ಹೆರಿಗೆಯವರೆಗೆ ತಿಂಗಳು ತಿಂಗಳು ಊಟದ ಹಣ. ಉಳಿದರ್ಧ ಜನಕ್ಕೆ ಏನೂ ಇಲ್ಲ, ತಿಂಗಳಿಗೊಮ್ಮೆ ತೂಕ ನೋಡಿ, ಏನು ಉಂಡೆ ಎಂದು ಕೇಳಿ ಬರುವುದಷ್ಟೆ. ಹೆಸರುಗಳನ್ನು ಕಂಪ್ಯೂಟರ್ ಆರಿಸುತ್ತದೆ ಎಂದು ನೀವು ಹೇಳಿಕೊಟ್ಟಂತೆಯೇ ಹೇಳಿದೆ. ಊರ ಹಿರಿಯ ಕರಿಬಸಪ್ಪನವರು ನಕ್ಕುಬಿಟ್ಟರು. "ಯವ್ವಾ, ಕಂಪ್ಯೂಟರ್ ನಿಮ್ಮ ಕೈಯಾಗ ಐತಿ. ನಿಮಗ ಬೇಕಾದೋರ ಹೆಸರು ಬರ್ತಾವ. ನಮ್ಮ ಕಣ್ಣೆದುರಿಗೆ ಚೀಟಿ ಎತ್ತ್ರಿ, ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ" ಎಂದರು.

ಸರಿ, ದ್ಯಾವಮ್ಮನ ಗುಡಿಯ ಕಟ್ಟೆಯ ಮೇಲೆ ಹೆಸರು ಬರೆದ ಚೀಟಿಗಳನ್ನು ತಂಬಿಗೆಗೆ ಹಾಕಿದೆವು. ಗುಡಿಗೆ ದೀಪ ಹಚ್ಚುವ ಸಂಗಮ್ಮ ಕೈಕಾಲು ತೊಳೆದು, ಹಣೆಗೆ ಭಂಡಾರ ಹಚ್ಚಿಕೊಂಡು, ಕಣ್ಣು ಮುಚ್ಚಿ ಒಂದೊಂದೇ ಎತ್ತಿಕೊಟ್ಟಳು. ಹಣ ಹಂಚುವ ಊರಿನಲ್ಲಿ ಜಗಳವೇ ಆಗದ್ದನ್ನು ನೀವು ಕಂಡಿದ್ದೀರಾ? ಒಬ್ಬರೂ ತಕರಾರು ತೆಗೆಯಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಮ್ಮ ತುರ್ವಿಹಾಳದ ಹುಡುಗಿಯೊಬ್ಬಳು ಈ ಊರಿಗೆ ಸೊಸೆಯಾಗಿದ್ದಾಳೆ, ಆದೆಮ್ಮ ಅಂತ. ನಮ್ಮ ಓಣಿಯಲ್ಲೇ ಆಡಿ ಬೆಳೆದವಳು. ಗಂಡ ಸಿದ್ದರಾಮೇಶ ಕುರಿ ಕಾಯುತ್ತಾನೆ. ಚೊಚ್ಚಲ ಬಸುರಿ, ಮೂರು ತಿಂಗಳು ತುಂಬಿದೆ. ಆಕೆಯ ಚೀಟಿ ಬರಲಿಲ್ಲ. ನಾನು ಮಾತಾಡಿಸುವಷ್ಟರಲ್ಲಿ ಸೆರಗು ಹೊದ್ದು ಹೋಗಿಬಿಟ್ಟಳು. ಮುಂದಿನ ಸಲ ಸಿಕ್ಕಾಗ ಕಾಡಿಸುತ್ತೇನೆ.

ನಿಮ್ಮ
ರೇಣುಕಾದೇವಿ


ದೆಹಲಿ
19 ಆಗಸ್ಟ್ 2024

ಪ್ರಿಯ ರೇಣುಕಾ,

ನಿನ್ನ ಪತ್ರವನ್ನು ನಿರ್ದೇಶಕರಿಗೆ ಓದಿ ಅನುವಾದಿಸಿ ಹೇಳಿದೆ. ಎಷ್ಟು ಮೆಚ್ಚಿದರು ಗೊತ್ತೇ? ಎಲ್ಲರ ಎದುರಿಗೆ, ಊರಿನವರದೇ ಕೈಯಿಂದ! ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಉಳಿದ ಊರುಗಳಲ್ಲೂ ಹೀಗೇ ಗುಡಿಯ ಮುಂದೆ ಚೀಟಿ ಎತ್ತಿಸಬೇಕೆಂದು ತೀರ್ಮಾನವಾಗಿದೆ. ಇದು ನಿನ್ನ ಗೆಲುವು.

ಯಾರಾದರೂ ಕೇಳಿದರೆ ಹೀಗೆ ಹೇಳು: ಒಂದೇ ಹೊಲದಲ್ಲಿ ಅರ್ಧಕ್ಕೆ ಹೊಸ ಬೀಜ, ಅರ್ಧಕ್ಕೆ ಹಳೆ ಬೀಜ ಹಾಕಿದರೆ ತಾನೇ ಯಾವುದು ಒಳ್ಳೆಯದೆಂದು ತಿಳಿಯುವುದು? ಹಣ ಪಡೆಯದವರು ನಮ್ಮ ಹೋಲಿಕೆಯ ಗುಂಪು. ಅವರಿಗೆ ನೀನು ಅಕ್ಕರೆಯಿಂದ ಏನನ್ನೂ ಕೊಡಕೂಡದು. ಓಣಿಯ ಹುಡುಗಿಗೂ ಅಷ್ಟೆ.

ಇಲ್ಲಿ ಒಂದು ತಮಾಷೆ. ನಮ್ಮಲ್ಲಿ ಅಖ್ತರ್ ಎಂಬ ಹಿರಿಯರಿದ್ದಾರೆ. ಅಭಿವೃದ್ಧಿಯನ್ನು ಎಷ್ಟು ಬಗೆಯಲ್ಲಿ ಯೋಚಿಸಬಹುದು ಎಂದು ಒಂದು ಪಾಠ ಹೇಳುತ್ತಿದ್ದರು, ಈ ವರ್ಷದಿಂದ ಅದು ನಿಂತಿದೆ. ವಿದ್ಯಾರ್ಥಿಗಳಿಗೆ ನಮ್ಮ ಪ್ರಯೋಗದ ವಿಧಾನವೊಂದನ್ನೇ ಗಟ್ಟಿಯಾಗಿ ಕಲಿಸುತ್ತೇವೆ. ಇಷ್ಟು ವರ್ಷ ವಾದ ಮಾಡಿ ಯಾರ ಹೊಟ್ಟೆ ತುಂಬಿತು, ಹೇಳು. ಅವರು ನಿನ್ನ ಕಥೆ ಕೇಳಿ, "ಚೀಟಿ ಬಾರದವರು ಅದನ್ನು ಏನೆಂದುಕೊಂಡರು?" ಎಂದರು. ಏನೆಂದುಕೊಳ್ಳುತ್ತಾರೆ, ಅದೃಷ್ಟ ಇರಲಿಲ್ಲ ಅಂದುಕೊಂಡಿರುತ್ತಾರೆ ಎಂದೆ.

ನಿನ್ನ
ಶಿವಗಂಗಾ


ಮಸ್ಕಿ
25 ಸೆಪ್ಟೆಂಬರ್ 2024

ಶಿವಗಂಗಕ್ಕನವರಿಗೆ,

ಹಣ ಹಂಚಿದ ಮೇಲಿನ ಮೊದಲ ತೂಕ ಮುಗಿದು ಅಂಕಿ ಕಳಿಸಿದ್ದೇನೆ. ಚೀಟಿ ಬಂದವರ ಮನೆಯಲ್ಲಿ ನನಗೆ ಬೀಗರ ಉಪಚಾರ. ಚಹಾ ಕುಡಿದು ಕುಡಿದು ಹೊಟ್ಟೆ ಉಬ್ಬಿದೆ. ಬಾರದವರ ಮನೆಯಲ್ಲಿ ಬಾಗಿಲು ತೆಗೆಯುವುದು ಸ್ವಲ್ಪ ತಡ. ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಟ್ಯಾಬ್‌ನಲ್ಲಿ ಬರೆಯಲು ಜಾಗವಿಲ್ಲದ ಒಂದೆರಡು ಮಾತು ಇಲ್ಲಿ ಹಾಕುತ್ತೇನೆ. ಹೋದ ವಾರ ಒಬ್ಬಳಿಗೆ ಕುಬಸ ಮಾಡಿದರು. ಬಸುರಿಗೆ ಸೀರೆ ಕುಪ್ಪಸ ಇಟ್ಟು, ಉಡಿ ತುಂಬಿ, ಓಣಿಯ ಬಸುರಿಯರನ್ನೆಲ್ಲ ಕರೆದು ಉಣ್ಣಿಸುವುದು ಪದ್ಧತಿ. ಚೀಟಿ ಬಾರದವರನ್ನು ಕರೆದಿರಲಿಲ್ಲ. ಯಾಕೆಂದು ಕೇಳಿದೆ. ಒಬ್ಬಾಕೆ, "ದ್ಯಾವಮ್ಮ ಬ್ಯಾಡ ಅಂದಾಕಿನ್ನ ಉಡಿ ತುಂಬೋ ಜಾಗದಾಗ ಹ್ಯಾಂಗ ಕೂಡ್ಸೋದ್ರಿ?" ಎಂದಳು. ಆದೆಮ್ಮನ ಅತ್ತೆ ಆಕೆಯನ್ನು ಅಂಗನವಾಡಿಯ ಊಟಕ್ಕೆ ಕಳಿಸುವುದನ್ನೂ ನಿಲ್ಲಿಸಿದ್ದಾಳೆ. ಹತ್ತು ಮಂದಿ ಕಣ್ಣು ಬೀಳುತ್ತದಂತೆ. ಆದೆಮ್ಮನನ್ನು ಕಾಡಿಸಬೇಕೆಂದು ಹೋದವಳು ಸುಮ್ಮನೆ ತೂಕ ನೋಡಿಕೊಂಡು ಬಂದೆ.

ನಾಲ್ಕು ದಿನ ಇದ್ದು ಹೋಗುವ ಮಾತು, ನೀವೇನೂ ತಲೆಗೆ ಹಚ್ಚಿಕೊಳ್ಳಬೇಡಿ.

ರೇಣುಕಾದೇವಿ


ದೆಹಲಿ
2 ಅಕ್ಟೋಬರ್ 2024

ಪ್ರಿಯ ರೇಣುಕಾ,

ಅಂಕಿ ನೋಡಿ ಕುರ್ಚಿಯಿಂದ ಎದ್ದು ನಿಂತೆ. ಒಂದೇ ತಿಂಗಳಿಗೆ ಎರಡು ಗುಂಪಿನ ನಡುವೆ ಇಷ್ಟು ಅಂತರ! ಹಣ ಪಡೆದವರ ತೂಕ ಏರಿದೆ, ಪಡೆಯದವರದು ನಿಂತಲ್ಲೇ ನಿಂತಿದೆ, ಕೆಲವರದು ಇಳಿದಿದೆ. ಊಟದ ಹಣ ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನು ಎಲ್ಲೂ ಓದಿಲ್ಲ. ಹಣ ಒದಗಿಸುವವರು ಮುಂದಿನ ತಿಂಗಳು ಬರುತ್ತಿದ್ದಾರೆ, ಅವರ ಮುಂದೆ ಪಾಮನಕಲ್ಲೂರನ್ನೇ ಮೊದಲು ತೋರಿಸುತ್ತೇನೆ.

ಕುಬಸದ ವಿಷಯ ಸ್ವಾರಸ್ಯವಾಗಿದೆ. ಆದರೆ ಅದನ್ನು ಯಾವ ಅಂಕಣಕ್ಕೆ ಹಾಕಲಿ? ನೀನೇ ಹೇಳಿದಂತೆ ನಾಲ್ಕು ದಿನದ ಮಾತು. ನೀನು ತೂಕ ಮಾತ್ರ ತಪ್ಪದೆ ನೋಡು.

ಶಿವಗಂಗಾ


ಮಸ್ಕಿ
9 ನವೆಂಬರ್ 2024

ಶಿವಗಂಗಕ್ಕನವರಿಗೆ,

ಈ ಸಲ ನಗಿಸುವಂಥದ್ದೇನೂ ಇಲ್ಲ.

ನಾನು ಓಣಿಗೆ ಕಾಲಿಟ್ಟರೆ ಹುಡುಗರು ಆಟ ಬಿಟ್ಟು ಒಳಗೆ ಓಡುತ್ತಾರೆ. "ತೂಕದಾಕಿ ಬಂದ್ಲು" ಎಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗು ಹೋಗುತ್ತದೆ. ಚೀಟಿ ಬಾರದವರಲ್ಲಿ ಇಬ್ಬರು ಕಬ್ಬಿಣಾಂಶದ ಗುಳಿಗೆ ನುಂಗುವುದನ್ನು ಬಿಟ್ಟಿದ್ದಾರೆ. ಒಬ್ಬಳು ರೊಟ್ಟಿ ಬೇಡವೆಂದು ಬರೀ ಅಂಬಲಿಯ ಮೇಲಿದ್ದಾಳೆ, ದೇವಿಗೆ ಹರಕೆಯಂತೆ. ಇವರ ತೂಕ ಇಳಿದದ್ದು ಹಣವಿಲ್ಲದೆ ಅಲ್ಲ. ನಾವು ಬರುವ ಮುಂಚೆ ಹಣವಿಲ್ಲದೆಯೂ ಉಣ್ಣುತ್ತಿದ್ದರು. ಇವರು ಅಂಜಿದ್ದಾರೆ. ನೀವು ಎದ್ದು ನಿಂತು ನೋಡಿದ ಆ ಅಂತರದಲ್ಲಿ ಎಷ್ಟು ಪಾಲು ಊಟ, ಎಷ್ಟು ಪಾಲು ಅಂಜಿಕೆ ಎಂದು ನನಗೆ ಬಿಡಿಸಲು ಬರುವುದಿಲ್ಲ.

ಆದೆಮ್ಮನ ಕಾಲು ಬಾತಿವೆ, ಮುಖವೂ ಬಾತಿದೆ. ನಮ್ಮ ಆಶಾ ಕಾರ್ಯಕರ್ತೆ ಹುಸ್ನಾ ಪರೀಕ್ಷೆ ಮಾಡಿಸಿದಳು. ರಕ್ತ ಕಡಿಮೆ, ಬಿಪಿ ಜಾಸ್ತಿ. ಕೂಡಲೇ ಸಿಂಧನೂರಿನ ದೊಡ್ಡ ದವಾಖಾನೆಗೆ ಹೋಗಬೇಕೆಂದು ಮಸ್ಕಿಯ ಡಾಕ್ಟರು ಬರೆದುಕೊಟ್ಟಿದ್ದಾರೆ. ಆಕೆ ಜಗ್ಗುತ್ತಿಲ್ಲ. "ದ್ಯಾವಮ್ಮ ಬ್ಯಾಡ ಅಂದ ಮ್ಯಾಲೆ ದವಾಖಾನಿಗೆ ಹೋದ್ರ ಆಕಿ ಕೂಡ ಜಿದ್ದಿಗೆ ಬಿದ್ದಂಗ ಆಕ್ಕತಿ. ಜಿದ್ದು ಹಿಡಿದೋರ ಕೂಸು ಉಳಿತಾವೇನು?" ಎನ್ನುತ್ತಾಳೆ.

ನಿನ್ನೆ ತೂಕ ನೋಡುವಾಗ ಆಕೆ ನನ್ನ ಮುಂಗೈ ಹಿಡಿದುಕೊಂಡಳು. "ಅಕ್ಕಾ, ನನ್ನ ಮ್ಯಾಲೆ ಆಣಿ ಮಾಡಿ ಹೇಳು. ರೊಕ್ಕ ತಗೊಂಡೋರು ಎಷ್ಟು ಮಂದಿ ಉಳಿತಾರ, ನಾವು ಎಷ್ಟು ಮಂದಿ ಸಾಯ್ತೀವಿ, ಅದನ್ನ ಬರ್ಕೊಳ್ಳಾಕ ಬರ್ತಿ, ಹೌದಿಲ್ಲೋ?"

ಅಲ್ಲ ಎಂದೆ. ಹಾಗೆನ್ನುವಾಗಲೇ ಟ್ಯಾಬ್‌ನಲ್ಲಿ ಎರಡೂ ಗುಂಪಿನ ಎದುರು 'ಮರಣ' ಎಂಬ ಖಾನೆ ಇರುವುದು ನೆನಪಾಯಿತು. ಅಕ್ಕಾ, ನಾನು ಆಕೆಗೆ ಸುಳ್ಳು ಹೇಳಿದೆನೇ?

ನನಗೆ ಭಯವಾಗುತ್ತಿದೆ. ಏನು ಮಾಡಲಿ, ಹೇಳಿ.

ರೇಣುಕಾದೇವಿ


ದೆಹಲಿ
12 ನವೆಂಬರ್ 2024

ಪ್ರಿಯ ರೇಣುಕಾ,

ಭಯಪಡಬೇಡ, ಭಯದಿಂದ ಕೆಲಸ ಕೆಡುತ್ತದೆ. ಶಾಂತವಾಗಿ ಯೋಚಿಸೋಣ. ಆದೆಮ್ಮನ ಲೆಕ್ಕದಲ್ಲಿ ದವಾಖಾನೆಗೆ ಹೋಗುವುದರಿಂದ ನಷ್ಟ ಹೆಚ್ಚು, ಲಾಭ ಕಡಿಮೆ. ಮನುಷ್ಯರು ಎಲ್ಲೆಡೆ ಒಂದೇ. ಲಾಭದ ತಟ್ಟೆ ಭಾರವಾದರೆ ಮನಸ್ಸು ಆ ಕಡೆ ವಾಲುತ್ತದೆ. ನಾನು ನನ್ನ ಸ್ವಂತ ಹಣ ಕಳಿಸುತ್ತೇನೆ. ಆಟೋ, ಊಟ, ಜೊತೆಗಿರುವ ಅತ್ತೆಯ ದಿನಗೂಲಿ, ಆಕೆಯ ಕೈಗೂ ಒಂದಿಷ್ಟು. ಚೀಟಿ ಬಂದವರಿಗಿಂತ ಹೆಚ್ಚೇ ಕೊಡು. ಬೇಡ ಎನ್ನಲಾರದಷ್ಟು ಕೊಡು.

ನಿರ್ದೇಶಕರಿಗೆ ಇದು ಗೊತ್ತಾಗುವುದು ಬೇಡ. ಹಣ ಒದಗಿಸುವವರ ಭೇಟಿ ಮುಗಿಯಲಿ. ನೀನು ಸಂಜೆ ಮರೆಯಲ್ಲಿ ಹೋಗಿ ಕೊಟ್ಟು ಬಾ.

ಶಿವಗಂಗಾ


ದೆಹಲಿ
26 ನವೆಂಬರ್ 2024

ರೇಣುಕಾ,

ಎರಡು ವಾರವಾಯಿತು, ನಿನ್ನ ಪತ್ರವಿಲ್ಲ. ಫೋನ್ ಎತ್ತುತ್ತಿಲ್ಲ. ಇಂದು ಬಂದ ಅಂಕಿಗಳಲ್ಲಿ ಆದೆಮ್ಮನ ಹೆಸರಿನ ಮುಂದೆ 'ಮನೆಯಲ್ಲಿಲ್ಲ' ಎಂದಿದೆ. ದವಾಖಾನೆಗೆ ಹೋಗಿದ್ದಾಳೆ ಎಂದುಕೊಳ್ಳಲೇ? ಹಾಗಿದ್ದರೆ ನೀನು ಕುಣಿದಾಡಿ ಬರೆಯುತ್ತಿದ್ದೆ.

ಬೆಳಗಿನಿಂದ ಆ ಒಂದು ಮಾತನ್ನೇ ನೋಡುತ್ತ ಕೂತಿದ್ದೇನೆ. ಒಂದು ಸಾಲು ಬರೆ.

ಶಿವಗಂಗಾ


ತುರ್ವಿಹಾಳ
2 ಡಿಸೆಂಬರ್ 2024

ಶಿವಗಂಗಕ್ಕನವರಿಗೆ,

ಬರೆಯಲು ಧೈರ್ಯವಿರಲಿಲ್ಲ.

ನೀವು ಹೇಳಿದಂತೆ ಸಂಜೆ ಮರೆಯಲ್ಲಿ ಹೋಗಿ ಆದೆಮ್ಮನ ಮುಂದೆ ಹಣ ಇಟ್ಟೆ. ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಅತ್ತೆ ಕಟ್ಟೆಯಿಂದಲೇ ಚೀರಿದಳು: "ದ್ಯಾವಮ್ಮ ಕೊಡಲ್ಲ ಅಂದಿದ್ದನ್ನ ಕದ್ದು ಕೊಡಾಕ ಬಂದೀಯೇನಬೇ? ಆಕಿ ಕಣ್ಣಿಗೆ ಮಣ್ಣು ಹಾಕಿ ತಗೊಂಡ್ರ ನಮ್ಮ ವಂಶ ಉಳಿತೈತೇನು?" ಲಾಭದ ತಟ್ಟೆ ಭಾರವಾಯಿತು, ಅಕ್ಕಾ. ಆಕೆ ಅದರ ಕೆಳಗೇ ಸಿಕ್ಕಿಕೊಂಡಳು. ನಾವು ಹೆಚ್ಚು ಕೊಟ್ಟಷ್ಟೂ ಆಕೆಗೆ ಕೇಡು ಹೆಚ್ಚಾಗಿ ಕಂಡಿತು.

ಬೆಳಗಾಗುವಷ್ಟರಲ್ಲಿ ಆದೆಮ್ಮ ಮನೆಯಲ್ಲಿರಲಿಲ್ಲ. ತವರಿಗೆ ಬಂದಿರಬಹುದೆಂದು ಇಲ್ಲಿಗೆ ಬಂದೆ. ಬಂದಿಲ್ಲ. ಆಕೆಯ ತಾಯಿ ನನ್ನನ್ನು ಒಳಗೆ ಕರೆಯಲೂ ಇಲ್ಲ. ಭತ್ತ ಕೊಯ್ದ ಮೇಲೆ ಕುರಿಯವರೆಲ್ಲ ಕಾಲುವೆ ಸೀಮೆಯ ಗದ್ದೆಗಳಲ್ಲಿ ಕುರಿ ತರುಬುತ್ತಾರೆ. ಮಂದೆಗೆ ಮೇವು, ಹೊಲಕ್ಕೆ ಗೊಬ್ಬರ. ಸಿದ್ದರಾಮೇಶ ಆ ಕಡೆ ಇರಬೇಕೆಂದು ಕೇಳುತ್ತ ಕೇಳುತ್ತ ಹೊರಟೆ. ಸಿಂಧನೂರು ಹತ್ತಿರದ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಬಂಗಾಲಿ ರೈತರೊಬ್ಬರು ತಮ್ಮ ಗದ್ದೆ ತೋರಿಸಿದರು.

ದೂರದಿಂದಲೇ ಕಂಡಳು. ಗುಡಾರದ ಮುಂದೆ ಕೂತು ಕೂಳೆ ಕಿತ್ತು ಒಲೆಗೆ ಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ಓಡಿದಳು. ಅಕ್ಕಾ, ಏಳು ತಿಂಗಳ ಬಸುರಿ, ಬಾತ ಕಾಲು, ಗದ್ದೆಯ ಬದುವಿನ ಮೇಲೆ ಹೊಟ್ಟೆ ಹಿಡಿದುಕೊಂಡು ನನ್ನಿಂದ ತಪ್ಪಿಸಿಕೊಳ್ಳಲು ಓಡಿದಳು. ಒಂದು ಕಡೆ ಬಿದ್ದು ಮತ್ತೆ ಎದ್ದಳು. ನಾನು ಅಲ್ಲೇ ನಿಂತುಬಿಟ್ಟೆ. ಸಿದ್ದರಾಮೇಶ ಅಡ್ಡ ಬಂದು, "ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ, ಮುಂದ ಬರಬ್ಯಾಡ್ರಿ. ನೀವು ಬಂದಷ್ಟೂ ಆಕಿ ಓಡ್ತಾಳ" ಎಂದ. ಬರುವುದಿಲ್ಲ ಎಂದು ಹೇಳಿ ಹಿಂದಕ್ಕೆ ಬಂದೆ.

ನನ್ನ ಓಣಿಯಲ್ಲಿ ನನ್ನ ಸೊಂಟದ ಮೇಲೆ ಕೂತು ಬೆಳೆದ ಹುಡುಗಿಗೆ ನಾನು ಸಾವಿನ ಹಾಗೆ ಕಾಣುತ್ತಿದ್ದೇನೆ. ಆ ಗದ್ದೆಯಲ್ಲಿ ಆಕೆಗೆ ಏನಾದರೂ ಆದರೆ ನೋಡುವವರಿಲ್ಲ. ನಾವಿಬ್ಬರೂ ಓದಿದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದ್ದರೆ ಪುಟ ಹೇಳಿ. ಇಲ್ಲದಿದ್ದರೆ ಬನ್ನಿ.

ರೇಣುಕಾ


ದೆಹಲಿ
5 ಡಿಸೆಂಬರ್ 2024

ರೇಣುಕಾ,

ನಾಳೆ ಹೊರಟು ರಾಯಚೂರಿಗೆ ಬಂದಿಳಿಯುತ್ತೇನೆ.

ನಿರ್ದೇಶಕರಿಗೆ ಎಲ್ಲ ಹೇಳಿದೆ. ಡಾಕ್ಟರ ಚೀಟಿ ಕೊಟ್ಟಾಗಿದೆಯಲ್ಲ, ನಿಯಮ ಪಾಲಿಸಿದ್ದೀರಿ, ಮುಂದಿನದು ಆಕೆಯ ಆಯ್ಕೆ ಎಂದರು. ನಾನು ಅಲ್ಲಿಗೆ ಹೋಗಿ ಏನಾದರೂ ಮಾಡಿದರೆ ಆ ಊರಿನ ಅಂಕಿ ಕೆಡುತ್ತದೆ ಎಂದರು. ಅವರು ಕೆಟ್ಟವರಲ್ಲ. ಹೋದ ತಿಂಗಳು ನಾನೂ ಅದೇ ಮಾತಾಡುತ್ತಿದ್ದೆ.

ಆಮೇಲೆ ಅಖ್ತರ್ ಅವರ ಕೋಣೆಗೆ ಹೋದೆ. ಗೆದ್ದವರಂತೆ ನಗಲಿಲ್ಲ, ಪುಣ್ಯಾತ್ಮ. "ನಿಮ್ಮ ಜರಡಿ ಒಳ್ಳೆಯದೇ. ಆದರೆ ಒಂದೇ ಜರಡಿ ಹಿಡಿದು ಕೂತರೆ ಅದರಲ್ಲಿ ನಿಂತದ್ದಷ್ಟೇ ಕಾಳು ಅನ್ನಿಸುತ್ತದೆ. ಹಣ ಎಷ್ಟು ಕೊಟ್ಟಿರಿ ಎಂದು ಕೇಳಿದ್ದೀರಿ. ಅದನ್ನು ಯಾರು ಕೊಟ್ಟಂತೆ ಕಂಡಿತು, ಯಾರು ಕೊಡಲಿಲ್ಲವೆಂದು ಕಂಡಿತು, ಆ ಊರಿನಲ್ಲಿ ಇಂಥ ತೀರ್ಪನ್ನು ಹಿಂದಕ್ಕೆ ತೆಗೆಯುವ ದಾರಿ ಯಾವುದು, ಇದನ್ನು ಬೇರೆ ಶಾಸ್ತ್ರದವರು ಕೇಳುತ್ತಾರೆ. ನೀವೂ ಕೇಳಿ" ಎಂದರು.

ಯಾರನ್ನು ಕೇಳಲಿ? ಲಿಂಗಸುಗೂರಿಗೆ, ಅವ್ವನಿಗೆ ಫೋನ್ ಮಾಡಿದೆ. ನಮ್ಮವ್ವ ಕಸ್ತೂರೆಮ್ಮನ ಬಾಯಿ ನಿನಗೆ ಗೊತ್ತಲ್ಲ. "ದೇವ್ರ ಮುಂದ ಹೆಸರು ಹಾಕಿ ಚೀಟಿ ಎತ್ತಿಸಿದ್ರೇನಬೇ? ಅಷ್ಟು ಓದಿ ಇದು ತಿಳೀಲಿಲ್ಲೇನು ನಿನಗ? ಕೇಳಬಾರದ್ದು ಕೇಳಿದ್ರ ಕೇಳಿದೋರು ತಪ್ಪು ಕಾಣಿಕಿ ಕೊಟ್ಟು, ಮಾತು ಹಿಂದಕ್ಕ ತಗೋಬೇಕು. ಆ ಹುಡುಗಿ ಯಾಕ ಅನುಭವಿಸಬೇಕು?" ಎಂದಳು.

ಹಣ ಕೊಟ್ಟರೆ ಏನು, ಕೊಡದಿದ್ದರೆ ಏನು ಎಂದು ಚೀಟಿಯ ಹಿಂದೆ ನಿಂತು ಪ್ರಶ್ನೆ ಕೇಳಿದವಳು ಸಂಗಮ್ಮ ಅಲ್ಲ, ನೀನೂ ಅಲ್ಲ, ನಾನು. ಆದ್ದರಿಂದ ಒದ್ದೆ ಸೀರೆಯಲ್ಲಿ ಆ ಕಟ್ಟೆಯ ಮುಂದೆ ನಿಲ್ಲುವವಳೂ ನಾನೇ. ನಿಂತಾಗ ನಂಬಿ ನಿಲ್ಲುತ್ತೇನೋ, ನಟಿಸುತ್ತೇನೋ, ಗೊತ್ತಿಲ್ಲ. ನನಗೂ ತುಂಬ ಭಯವಾಗುತ್ತಿದೆ, ರೇಣುಕಾ. ಹೋಗುವಷ್ಟರಲ್ಲಿ ತಡವಾಗಿಬಿಟ್ಟರೆ? ಕರಿಬಸಪ್ಪನವರಿಗೂ ಸಂಗಮ್ಮನಿಗೂ ಹೇಳಿಡು. ಆದೆಮ್ಮನ ಹತ್ತಿರ ಮಾತ್ರ ಹೋಗಬೇಡ.

ಶಿವಗಂಗಾ


ತುರ್ವಿಹಾಳ
6 ಜನವರಿ 2025

ಶಿವಗಂಗಕ್ಕನವರಿಗೆ,

ನೀವು ದೆಹಲಿಗೆ ಹಿಂದಿರುಗುವಾಗ ಆದೆಮ್ಮ ಇನ್ನೂ ಸಿಂಧನೂರಿನ ದವಾಖಾನೆಯಲ್ಲಿದ್ದಳು, ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಮೊನ್ನೆ ಇಬ್ಬರೂ ತವರಿಗೆ ಬಂದಿದ್ದಾರೆ. ಹೆಣ್ಣು ಕೂಸು. ಅಂಗೈ ಅಗಲ ಇದೆ, ಅಳು ಮಾತ್ರ ಓಣಿಗೆಲ್ಲ ಕೇಳುತ್ತದೆ. ದವಾಖಾನೆಗೆ ಮುಟ್ಟಿದ ಮೇಲೆ ಆಕೆಗೆ ಫಿಟ್ಸ್ ಬಂದದ್ದು, ಗದ್ದೆಯಲ್ಲೇ ಬಂದಿದ್ದರೆ ಎರಡು ಜೀವವೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹುಸ್ನಾಗೆ ಹೇಳಿದರಂತೆ. ಅದನ್ನು ಆಗಲೇ ಹೇಳಿದರೆ ನೀವು ರೈಲು ಹತ್ತುವುದಿಲ್ಲವೆಂದು ಮುಚ್ಚಿಟ್ಟೆ.

ಆ ದಿನ ಕಟ್ಟೆಯ ಮುಂದೆ ನೀವು ನಿಂತದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. "ಈ ಪ್ರಶ್ನೆ ನಂದು, ದ್ಯಾವಮ್ಮಂದಲ್ಲ. ಕೇಳಬಾರದ್ದು ಕೇಳೀನಿ. ತಪ್ಪು ನನ್ನ ಮ್ಯಾಲೆ ಇರ್ಲಿ, ಈ ಹೆಣ್ಮಕ್ಕಳ ಮ್ಯಾಲೆ ಬ್ಯಾಡ" ಎಂದಿರಿ. ನಟನೆಯೋ ಅಲ್ಲವೋ, ನಾನು ಕೇಳುವುದಿಲ್ಲ. ಸಂಗಮ್ಮ ಕಾಯಿ ಒಡೆದು, "ಆತವ್ವ, ಮಾತು ಹಿಂದಕ್ಕ ಹೋತು" ಎಂದದ್ದೇ ಹೆಂಗಸರೆಲ್ಲ ಎದ್ದರು. ಆದೆಮ್ಮನ ಅತ್ತೆಯೇ ಎಲ್ಲರಿಗಿಂತ ಮುಂದೆ ಆಟೋ ಹತ್ತಿ, ಸೊಸೆಯನ್ನು ದವಾಖಾನೆಗೆ ಕರೆದೊಯ್ಯಲು ಆರ್.ಎಚ್. ಕ್ಯಾಂಪಿಗೆ ಹೋದಳು. ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ.

ನಿನ್ನೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಆದೆಮ್ಮ ಓಡಲಿಲ್ಲ. ನನ್ನ ಕೈಚೀಲದ ಕಡೆಗೇ ನೋಡುತ್ತಿದ್ದಳು. ಖಾಲಿ ಎಂದು ಬಿಚ್ಚಿ ತೋರಿಸಿದ ಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಅಳು ತಡೆಯಲಾಗಲಿಲ್ಲ, ಅಕ್ಕಾ. ಇಬ್ಬರೂ ಅತ್ತೆವು.

ಈಗ ನೀವು ಮುಚ್ಚಿಟ್ಟದ್ದು. ಹೋದ ವಾರದ ನಿಮ್ಮ ಪತ್ರದಲ್ಲಿ "ಸ್ವಲ್ಪ ರಜೆಯಲ್ಲಿದ್ದೇನೆ" ಎಂದಷ್ಟೇ ಇತ್ತು. ಇವತ್ತು ಸಂಸ್ಥೆಯಿಂದ ಎಲ್ಲರಿಗೂ ಮೇಲ್ ಬಂದಿದೆ. ನಿಮ್ಮ ಹೆಸರನ್ನು ಯೋಜನೆಯಿಂದ ತೆಗೆದಿದ್ದಾರೆ. ಪಾಮನಕಲ್ಲೂರಿನಲ್ಲಿ ಅಡಚಣೆಯಾದ್ದರಿಂದ ಆ ಊರನ್ನೂ ಲೆಕ್ಕದಿಂದ ತೆಗೆದಿದ್ದಾರೆ. ಉಳಿದ ಊರುಗಳ ಫಲಿತಾಂಶ ತುಂಬ ಚೆನ್ನಾಗಿದೆಯಂತೆ, ಅಂತರ ಇನ್ನೂ ದೊಡ್ಡದಾಗಿದೆಯಂತೆ. ತೂಕ ತಪ್ಪದೆ ಮುಂದುವರಿಸಬೇಕಂತೆ.

ಆ ಅಂತರ ಯಾತರದ್ದೆಂದು ನಮ್ಮಿಬ್ಬರಿಗೆ ಗೊತ್ತು. ಎಲ್ಲ ಊರಲ್ಲೂ ಗುಡಿಯ ಮುಂದೆಯೇ ಚೀಟಿ ಎತ್ತಿದ್ದಾರೆ, ನನ್ನ ಪತ್ರ ನೋಡಿ ಕಲಿತು. ನಾನು ಕೆಲಸ ಬಿಟ್ಟರೆ ನಾಳೆ ಬೇರೆ ಯಾರೋ ತೂಕದ ಯಂತ್ರ ಹಿಡಿದು ಹೋಗುತ್ತಾರೆ, ಅವರಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಬಿಡದಿದ್ದರೆ ಹೋಗುವವಳು ನಾನೇ.

ಇವತ್ತು ಮಧ್ಯಾಹ್ನ ಇಲ್ಲೇ ತುರ್ವಿಹಾಳದಲ್ಲಿ ಚೀಟಿ ಬಾರದವರ ಮೊದಲ ಮನೆಗೆ ಹೋದೆ. ದಾನೇಶ್ವರಿ ಅಂತ ಹುಡುಗಿ. ಬಾಗಿಲು ಹಾಕಿಕೊಳ್ಳಲಿಲ್ಲ, ಓಡಲಿಲ್ಲ. ನನಗಾಗಿಯೇ ಕಾಯುತ್ತಿದ್ದವಳಂತೆ ಹೊಸ್ತಿಲಿಗೆ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾರ, ಪಾಮನಕಲ್ಲೂರಿಗೆ ತಪ್ಪು ಕಾಣಿಕಿ ಕೊಡಾಕ ಡಿಲ್ಲಿಯಿಂದ ಒಬ್ರು ಬಂದಿದ್ರಂತಲ್ರಿ. ನಮ್ಮೂರಿಗೆ ಯಾರು ಬರ್ತಾರ್ರಿ?"

ಬೇಗ ಬರೆಯಿರಿ, ಅಕ್ಕಾ. ಆಕೆಗೆ ಈಗ ಐದು ತಿಂಗಳು.

ರೇಣುಕಾ